ವಿಕ್ಟೋರಿಯಾದ ಸುಡುಬಿಸಿಲಿನಲ್ಲಿ ಡಿಟೆಕ್ಟರ್ ಹಿಡಿದು ಚಿನ್ನ ಹುಡುಕುವ ಬಗೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಬ್ಯಾಲರಾಟ್‌ನಿಂದ ಬೆಂಡಿಗೊ, ವೆಡರ್‌ಬರ್ನ್‌ಗಳವರೆಗೆ ಹರಡಿರುವ ಹಳೆಯ ಚಿನ್ನದ ನಾಡಿನಲ್ಲಿ ಡಿಟೆಕ್ಟರ್ (ಲೋಹಶೋಧಕ ಯಂತ್ರ) ಹಿಡಿದು ಅಲೆಯಲು ಒಳ್ಳೆಯ ಕಾಲವೆಂದರೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಚಳಿಗಾಲ. ಆದರೆ ಮೆಲ್ಬರ್ನ್‌ನಲ್ಲಿ ಉದ್ಯೋಗದಲ್ಲಿರುವ ನಮ್ಮಂಥವರಿಗೆ ಬಿಡುವು ಸಿಗುವುದು ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ, ಮಕ್ಕಳಿಗೆ ಶಾಲೆ ಇಲ್ಲದಿರುವಾಗ. ಆ ದಿನಗಳಲ್ಲಿ ಒಳನಾಡಿನ ಉಷ್ಣಾಂಶ 40 ಡಿಗ್ರಿ ದಾಟುವುದು ಅಪರೂಪವಲ್ಲ. ಹೀಗಾಗಿ ಬೇಸಿಗೆಯಲ್ಲಿ ಹೋಗಲೇಬಾರದೆಂದು ಹೇಳಿ ಸುಮ್ಮನಾಗುವುದಕ್ಕಿಂತ, ಹೋಗುವವರು ಹೇಗೆ ಹೋಗಬೇಕೆಂಬುದನ್ನು ವಿವರವಾಗಿ ಬರೆಯುವುದು ಮೇಲು ಎಂದು ನನಗೆ ಅನ್ನಿಸಿದೆ. ಬೆಳಗಿನ ಹತ್ತು ಗಂಟೆಗೆ ದಿನದ ಕೆಲಸ ಮುಗಿಯಿತೆಂದು ಒಪ್ಪಿಕೊಳ್ಳುವವರು ಮಾತ್ರ ಬೇಸಿಗೆಯಲ್ಲಿ ಈ ಹವ್ಯಾಸಕ್ಕೆ ಇಳಿಯಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಷರತ್ತಿಗೆ ಒಳಪಟ್ಟಿದೆ.

ಇಲ್ಲಿ ಡಿಟೆಕ್ಟರ್‌ಗೆ ಏಕೆ ಕೆಲಸವಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕೋಲಾರದ ಚಿನ್ನ ಗಟ್ಟಿ ಬಂಡೆಯ ಬೆಣಚುಕಲ್ಲಿನ ಸೀಳುಗಳಲ್ಲಿ ಅಡಗಿದ್ದರಿಂದ, 2001ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿನ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ವಿಕ್ಟೋರಿಯಾದಲ್ಲಿಯೂ ಅಂಥ ಆಳದ ಗಣಿಗಳಿವೆ. ಆದರೆ ಯುಗಯುಗಗಳಿಂದ ಬಂಡೆ ಸವೆದು, ಅದರೊಳಗಿನ ಚಿನ್ನ ಬಿಡಿಗಟ್ಟಿಗಳಾಗಿ ಮೇಲ್ಮಣ್ಣಿನಲ್ಲಿಯೂ ಜೇಡಿಯ ಪದರದ ಮೇಲೂ ಉಳಿದುಕೊಂಡಿರುವುದು ಇಲ್ಲಿನ ವಿಶೇಷ. 1869ರ ಫೆಬ್ರವರಿ 5ರಂದು, ಅಂದರೆ ನಡುಬೇಸಿಗೆಯಲ್ಲಿ, ಮೋಲಿಯಗಲ್ ಎಂಬಲ್ಲಿ ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಎಂಬಿಬ್ಬರಿಗೆ ಸಿಕ್ಕ ‘ವೆಲ್ಕಮ್ ಸ್ಟ್ರೇಂಜರ್’ ಗಟ್ಟಿಯಿಂದ ಸುಮಾರು 72 ಕಿಲೋ ಚಿನ್ನ ದೊರೆಯಿತು, ಮತ್ತು ಅದು ಮರದ ಬೇರಿನ ಬಳಿ ನೆಲದಿಂದ ಕೇವಲ ಮೂರು ಸೆಂಟಿಮೀಟರ್ ಕೆಳಗಿತ್ತು. 1980ರಲ್ಲಿ ಕಿಂಗೋವರ್ ಬಳಿ 27 ಕಿಲೋ ತೂಕದ ‘ಹ್ಯಾಂಡ್ ಆಫ್ ಫೇತ್’ ಸಿಕ್ಕಿದ್ದು ಡಿಟೆಕ್ಟರ್‌ನಿಂದಲೇ. ಇಂದು ನಮ್ಮ ಪಾಲಿಗೆ ಬರುವುದು ಹೆಚ್ಚಾಗಿ ಅಕ್ಕಿಕಾಳಿನಿಂದ ಕಡಲೆಕಾಳಿನಷ್ಟು ಗಾತ್ರದ ತುಣುಕುಗಳು. ಇಡೀ ದಿನ ಏನೂ ಸಿಗದೆ ಮರಳುವುದೇ ಸಾಮಾನ್ಯ.

ಹೊರಡುವ ಮೊದಲು ‘ಮೈನರ್ಸ್ ರೈಟ್’ ಎಂಬ ಪರವಾನಗಿ ಕೈಯಲ್ಲಿರಬೇಕು. ಒಮ್ಮೆ ಪಡೆದರೆ ಅದು ಹತ್ತು ವರ್ಷ ನಡೆಯುತ್ತದೆ. ಅದರಿಂದ ಸರ್ಕಾರಿ ಜಮೀನಿನಲ್ಲಿ ಹುಡುಕುವ ಹಕ್ಕು ದೊರೆಯುತ್ತದೆಯೇ ಹೊರತು ಎಲ್ಲೆಂದರಲ್ಲಿ ಅಗೆಯುವ ಹಕ್ಕಲ್ಲ. ಖಾಸಗಿ ಜಮೀನಿಗೆ ಒಡೆಯರ ಒಪ್ಪಿಗೆ ಬೇಕು, ರಾಷ್ಟ್ರೀಯ ಉದ್ಯಾನಗಳ ಬಹುಭಾಗ ನಿಷಿದ್ಧ, ಗುರುತಿಸಿದ ಕೆಲವು ಭಾಗಗಳಲ್ಲಷ್ಟೇ ಅನುಮತಿ ಇದೆ. ಮೂಲನಿವಾಸಿಗಳ ಪವಿತ್ರ ತಾಣಗಳನ್ನಾಗಲಿ ಹಳೆಯ ವಸತಿಗಳ ಅವಶೇಷಗಳನ್ನಾಗಲಿ ಮುಟ್ಟಬಾರದು. ಯಂತ್ರದಿಂದ ಅಗೆಯುವಂತಿಲ್ಲ, ಕೈಯಲ್ಲಿ ಹಿಡಿಯುವ ಹತ್ಯಾರ ಮಾತ್ರ. ರಾಜ್ಯ ಸರ್ಕಾರದ ‘ಜಿಯೋವಿಕ್’ ನಕ್ಷೆಯಲ್ಲಿ ಜಾಗದ ಸ್ಥಿತಿಯನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಬಿಸಿಲಿನಲ್ಲಿ ನಿಂತು ಫೋನಿನ ಮಸುಕಾದ ಪರದೆಯಲ್ಲಿ ಗಡಿ ಹುಡುಕುವ ಪಾಡು ಬರದಂತೆ ಈ ಕೆಲಸವನ್ನು ಹಿಂದಿನ ದಿನವೇ ಮುಗಿಸಿಕೊಳ್ಳಿ.

ಹಿಂದಿನ ಸಂಜೆ ಮಾಡಬೇಕಾದ ಇನ್ನೊಂದು ಕೆಲಸ ಇದಕ್ಕಿಂತಲೂ ಮುಖ್ಯವಾದದ್ದು. ಮರುದಿನದ ಉಷ್ಣಾಂಶದ ಜೊತೆಗೆ ಕಾಳ್ಗಿಚ್ಚಿನ ಅಪಾಯದ ಮಟ್ಟವನ್ನು ‘ವಿಕ್‌ಎಮರ್ಜೆನ್ಸಿ’ ಆ್ಯಪ್‌ನಲ್ಲಿ ನೋಡಿ. ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರಾಫಿಕ್ ಎಂಬ ನಾಲ್ಕು ಮಟ್ಟಗಳಲ್ಲಿ ಕೊನೆಯ ಎರಡರಲ್ಲಿ ಯಾವುದಿದ್ದರೂ ಹೋಗುವ ಯೋಚನೆಯನ್ನು ಕೈಬಿಡಬೇಕು. ಕ್ಯಾಟಸ್ಟ್ರಾಫಿಕ್ ದಿನಗಳಲ್ಲಿ ಆ ಪ್ರದೇಶದ ಉದ್ಯಾನಗಳನ್ನೇ ಮುಚ್ಚುತ್ತಾರೆ. 2009ರ ಫೆಬ್ರವರಿ 7ರಂದು ಮೆಲ್ಬರ್ನ್‌ನ ಉಷ್ಣಾಂಶ 46.4 ಡಿಗ್ರಿಗೆ ಏರಿದಾಗ ಹೊತ್ತಿದ ಬೆಂಕಿ 173 ಜನರ ಪ್ರಾಣ ತೆಗೆದುಕೊಂಡಿತು. ನೀಲಗಿರಿ ಮರಗಳ ಒಣ ಕಾಡಿನಲ್ಲಿ ಗಾಳಿ ಬೀಸಿದಾಗ ಬೆಂಕಿ ಓಡುವ ವೇಗಕ್ಕೆ ಮನುಷ್ಯನ ಕಾಲಿನ ಓಟ ಸಾಟಿಯಲ್ಲ, ಮತ್ತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೆಲ ನೋಡುತ್ತ ನಡೆಯುವವರಿಗೆ ಹೊಗೆಯ ಸುಳಿವು ಎಲ್ಲರಿಗಿಂತ ತಡವಾಗಿ ಸಿಗುತ್ತದೆ. ಅಪಾಯ ಕಡಿಮೆ ಇರುವ ದಿನಗಳಲ್ಲಿಯೂ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸದೆ ಬರಿನೆಲದಲ್ಲಿ, ರಸ್ತೆಯ ಕಡೆಗೆ ಮುಖಮಾಡಿ ನಿಲ್ಲಿಸಬೇಕು. ಕಾದ ಸೈಲೆನ್ಸರ್ ಕೊಳವೆಯಿಂದಲೇ ಹುಲ್ಲು ಹೊತ್ತಿಕೊಳ್ಳಬಲ್ಲದು.

ಜನವರಿಯಲ್ಲಿ ಇಲ್ಲಿ ಬೆಳಗಿನ ಆರರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಒಂದೂವರೆಯ ಹೊತ್ತಿಗೆ, ಸೆಖೆಯ ತುದಿ ಸಂಜೆ ನಾಲ್ಕೈದರ ಸುಮಾರಿಗೆ. ಕರ್ನಾಟಕದಲ್ಲಿ ಬೆಳೆದವರಿಗೆ ‘ಸಂಜೆ ನಾಲ್ಕಕ್ಕೆ ಬಿಸಿಲು ಇಳಿಯುತ್ತದೆ’ ಎಂಬ ಲೆಕ್ಕ ಮೈಗೂಡಿರುತ್ತದೆ. ಇಲ್ಲಿ ಆ ಲೆಕ್ಕ ಮೋಸ ಮಾಡುತ್ತದೆ. ಆದ್ದರಿಂದ ಬೆಳಕು ಮೂಡುವಾಗಲೇ ಜಾಗ ತಲುಪಿ, ಆರರಿಂದ ಹತ್ತರವರೆಗೆ ಕೆಲಸ ಮಾಡಿ ಹೊರಟುಬಿಡುವುದು ಸರಿ. ಬೆಳಿಗ್ಗೆ ನೆಲ ತಣ್ಣಗಿರುತ್ತದೆ, ಓರೆಬೆಳಕಿನಲ್ಲಿ ಹಳೆಯ ಅಗೆತದ ಉಬ್ಬುತಗ್ಗುಗಳು ಎದ್ದು ಕಾಣುತ್ತವೆ. ತಲೆದೀಪ ಕಟ್ಟಿಕೊಂಡು ರಾತ್ರಿ ಹುಡುಕುವವರೂ ಇದ್ದಾರೆ, ಆದರೆ ನಾನು ಅದನ್ನು ಯಾರಿಗೂ ಸಲಹೆ ಮಾಡುವುದಿಲ್ಲ. ಈ ಕಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಗಣಿಬಾವಿಗಳು ಬೇಲಿಯಿಲ್ಲದೆ, ಅಂಚು ಕುಸಿಯುತ್ತ, ಪೊದೆ ಮುಚ್ಚಿಕೊಂಡು ಹಾಗೆಯೇ ಬಿದ್ದಿವೆ.

ಈಗ ಯಂತ್ರದ ವಿಚಾರ. ವಿಕ್ಟೋರಿಯಾದ ಚಿನ್ನದ ನೆಲದಲ್ಲಿ ನಮ್ಮ ಕರಾವಳಿಯ ಜಂಬಿಟ್ಟಿಗೆಯನ್ನು ನೆನಪಿಸುವ, ಕಬ್ಬಿಣದಂಶ ತುಂಬಿದ ಕೆಂಪು ಜಲ್ಲಿ ಹೇರಳವಾಗಿದೆ. ನಾಣ್ಯ ಹುಡುಕಲು ಮಾರುವ ಅಗ್ಗದ ಡಿಟೆಕ್ಟರ್‌ಗಳು ಈ ಜಲ್ಲಿಯನ್ನೇ ಲೋಹವೆಂದು ತಿಳಿದು ಒಂದೇ ಸಮನೆ ಕೂಗುತ್ತವೆ. ‘ಪಲ್ಸ್ ಇಂಡಕ್ಷನ್’ ಬಗೆಯ ಯಂತ್ರಗಳು ಕಾಂತೀಯ ಮಿಡಿತವೊಂದನ್ನು ನೆಲಕ್ಕೆ ಕಳಿಸಿ, ಅದು ನಿಂತ ಮೇಲೆ ಹಿಂದಿರುಗುವ ಸಂಕೇತವನ್ನು ಆಲಿಸುವುದರಿಂದ ನೆಲದ ಗದ್ದಲವನ್ನು ಬಹಳ ಮಟ್ಟಿಗೆ ದಾಟಬಲ್ಲವು. ಅವುಗಳ ಬೆಲೆ ಹೆಚ್ಚು, ಆದ್ದರಿಂದ ಮೊದಲ ಒಂದೆರಡು ಬಾರಿ ಬಾಡಿಗೆಗೆ ತೆಗೆದುಕೊಂಡು ನೋಡುವುದು ಜಾಣತನ.

ಬಿಸಿಲಿನಲ್ಲಿ ಯಂತ್ರದ ನಡವಳಿಕೆ ಬದಲಾಗುತ್ತದೆಂಬುದನ್ನು ಹೊಸಬರು ಗಮನಿಸುವುದಿಲ್ಲ. ಮರದ ನೆರಳಿನಿಂದ ಕಾದ ನೆಲಕ್ಕೆ ಕಾಯಿಲ್ (ಡಿಟೆಕ್ಟರ್‌ನ ತುದಿಯ ತಟ್ಟೆ) ಬಂದಾಗ ಅದರ ಒಳಗಿನ ತಂತಿಗಳೂ ಬಿಸಿಯಾಗಿ, ನೆಲದ ಗದ್ದಲಕ್ಕೆ ತಕ್ಕಂತೆ ಹೊಂದಿಸಿಟ್ಟ ‘ಗ್ರೌಂಡ್ ಬ್ಯಾಲೆನ್ಸ್’ ಮೆಲ್ಲಗೆ ಜಾರುತ್ತದೆ. ಹಿನ್ನೆಲೆಯ ಗುಂಯ್‌ಗುಡುವ ಸದ್ದು ಅಲುಗತೊಡಗಿದರೆ ಯಂತ್ರ ಕೆಟ್ಟಿತೆಂದು ಗಾಬರಿಯಾಗದೆ, ಕಾಯಿಲನ್ನು ನೆಲದ ಮೇಲೆ ಏರಿಳಿಸಿ ಮತ್ತೊಮ್ಮೆ ಬ್ಯಾಲೆನ್ಸ್ ಮಾಡಬೇಕು. ಹೊರಡುವಾಗಲೇ ಕಾಯಿಲನ್ನು ಹೊರಗಿನ ಗಾಳಿಯಲ್ಲಿ ಹತ್ತು ನಿಮಿಷ ಇಟ್ಟರೆ ಈ ತೊಂದರೆ ಕಡಿಮೆಯಾಗುತ್ತದೆ. ಬ್ಯಾಟರಿಯನ್ನಾಗಲಿ ಪರದೆಯಿರುವ ಭಾಗವನ್ನಾಗಲಿ ಮುಚ್ಚಿದ ಕಾರಿನಲ್ಲಿ ಬಿಡಬಾರದು. ಮಧ್ಯಾಹ್ನದ ಕಡೆಗೆ ಹೆಡ್‌ಫೋನಿನಲ್ಲಿ ಚಟಪಟ ಸದ್ದು ಕೇಳಿಬಂದರೆ ಅದು ಬಹುಶಃ ದೂರದ ಮಿಂಚಿನದು. ಮೋಡ ಇನ್ನೂ ಕಾಣದಿದ್ದರೂ ಕಾರಿನ ಕಡೆಗೆ ನಡೆಯಲು ಅಷ್ಟು ಸೂಚನೆ ಸಾಕು.

ಬೇಸಿಗೆಗೆ ಒಂದು ಅನುಕೂಲವಿದೆ. ಹುಲ್ಲು ಒಣಗಿ ಮುರಿದು ಬೀಳುವುದರಿಂದ ಬಯಲಿನಲ್ಲಿ ಕಾಯಿಲನ್ನು ನೆಲಕ್ಕೆ ತೀರ ಹತ್ತಿರ ಒಯ್ಯಬಹುದು, ಮತ್ತು ಸಣ್ಣ ತುಣುಕುಗಳ ವಿಷಯದಲ್ಲಿ ಒಂದೆರಡು ಸೆಂಟಿಮೀಟರಿನ ಅಂತರವೂ ದೊಡ್ಡದು. ಕಾಯಿಲನ್ನು ನೆಲಕ್ಕೆ ಸಮನಾಗಿ ಹಿಡಿದು, ಬಹಳ ನಿಧಾನವಾಗಿ ಬೀಸಿ, ಪ್ರತಿ ಬೀಸೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ನಡೆಯಿರಿ. ಮೂರು ಎಕರೆ ಸುತ್ತುವುದಕ್ಕಿಂತ ಒಂದು ಅಂಕಣದಷ್ಟು ಜಾಗವನ್ನು ಪೂರ್ತಿ ಆಲಿಸುವುದು ಬಿಸಿಲಿನಲ್ಲಿ ಶಕ್ತಿಯನ್ನೂ ಉಳಿಸುತ್ತದೆ. ಹಳೆಯ ಗಣಿಗಾರರು ಮೇಲ್ಮಣ್ಣನ್ನು ಕೆರೆದು ತೊಳೆದ ಜಾಗಗಳ ಅಂಚು, ಬಾವಿಗಳ ಬಳಿಯ ಮಣ್ಣಿನ ಗುಡ್ಡೆ, ಬೆಣಚುಕಲ್ಲು ಚೆಲ್ಲಿದ ಇಳಿಜಾರು, ಇವೇ ನೋಡಬೇಕಾದ ಸ್ಥಳಗಳು. ಗುಡ್ಡೆಗಳನ್ನು ಬಾವಿಯ ಕಡೆಯಿಂದ ಏರದೆ, ಹೊರಮಗ್ಗುಲಿನಲ್ಲಷ್ಟೇ ನೋಡಬೇಕು.

ಸದ್ದು ಬಂದಾಗ ಮೊದಲು ಕಾಲಿನಿಂದ ಮೇಲಿನ ಜಲ್ಲಿಯನ್ನು ಸರಿಸಿ ಮತ್ತೆ ಬೀಸಿ. ಸದ್ದು ಸರಿದರೆ ಅದು ಹಳೆಯ ಮೊಳೆಯೋ ಬಂದೂಕಿನ ಚರೆಯೋ ಆಗಿರುವುದೇ ಹೆಚ್ಚು. ಪಿಕಾಸಿಯ ತಲೆಗೆ ಬಲವಾದ ಅಯಸ್ಕಾಂತವೊಂದನ್ನು ಅಂಟಿಸಿಕೊಂಡರೆ ಕಬ್ಬಿಣದ ಚೂರು ತಾನಾಗಿ ಎದ್ದುಬರುತ್ತದೆ. ಬೇಸಿಗೆಯ ಜೇಡಿಮಣ್ಣು ಇಟ್ಟಿಗೆಯಷ್ಟು ಗಟ್ಟಿಯಾಗಿರುತ್ತದೆ. ಗುರಿಯ ಮೇಲೆಯೇ ಹೊಡೆಯದೆ ಒಂದು ಗೇಣು ದೂರದಿಂದ ಮಣ್ಣನ್ನು ಎಬ್ಬಿಸುತ್ತ ಬನ್ನಿ. ಎದ್ದ ಮಣ್ಣನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಮೊಗೆದು ಕಾಯಿಲ್ ಮೇಲೆ ಆಡಿಸಿ, ಸದ್ದು ಬಂದರೆ ಅರ್ಧವನ್ನು ಕೈಗೆ ಸುರಿದುಕೊಂಡು ಮತ್ತೆ ಆಡಿಸಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಏಳೆಂಟು ಬಾರಿಯಲ್ಲಿ ಚಿಟಿಕೆ ಮಣ್ಣಷ್ಟೇ ಉಳಿಯುತ್ತದೆ. ಚಿನ್ನವಾದರೆ ಗಾತ್ರಕ್ಕೆ ಮೀರಿದ ಆ ಭಾರ ಅಂಗೈಗೆ ತಕ್ಷಣ ತಿಳಿಯುತ್ತದೆ. ಉಕ್ಕಿನ ತುದಿಯ ಬೂಟು ಕಾಯಿಲನ್ನು ಕೆಣಕುವುದರಿಂದ ಚರ್ಮದ ಎತ್ತರದ ಬೂಟನ್ನೇ ತೊಡಿ. ತೋಡಿದ ಗುಂಡಿಯನ್ನು ಮುಂದಿನ ಹೆಜ್ಜೆ ಇಡುವ ಮೊದಲೇ ಮುಚ್ಚಬೇಕು. ಇದು ಪರವಾನಗಿಯ ಷರತ್ತೂ ಹೌದು, ಮುಚ್ಚದ ಗುಂಡಿಗಳಿಂದಾಗಿ ಎಷ್ಟೋ ಜಮೀನುಗಳ ಬಾಗಿಲು ಎಲ್ಲರಿಗೂ ಮುಚ್ಚಿವೆ ಎಂಬುದು ನನ್ನ ನೋವೂ ಹೌದು.

ದೇಹದ ವಿಷಯಕ್ಕೆ ಬಂದರೆ, ಬಾಯಾರಿಕೆಗೆ ಕಾಯದೆ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ನಾಲ್ಕು ಗಂಟೆಗೆ ಮೈಮೇಲೆ ನಾಲ್ಕು ಲೀಟರ್, ಕಾರಿನಲ್ಲಿ ಇನ್ನೂ ಹತ್ತು ಲೀಟರ್ ಇಟ್ಟುಕೊಳ್ಳಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರಿನೀರಿನ ಜೊತೆಗೆ ನಾನು ಫ್ಲಾಸ್ಕಿನಲ್ಲಿ ಉಪ್ಪು, ಶುಂಠಿ ಹಾಕಿದ ನೀರುಮಜ್ಜಿಗೆ ಒಯ್ಯುತ್ತೇನೆ. ಅಗಲ ಅಂಚಿನ ಟೋಪಿ, ಉದ್ದ ತೋಳಿನ ಸಡಿಲ ಹತ್ತಿ ಅಂಗಿ, ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಬೇಕೇಬೇಕು. ನಮ್ಮ ಮೈಬಣ್ಣಕ್ಕೆ ಇದು ಬೇಡವೆಂಬ ಮಾತನ್ನು ನಮ್ಮವರಲ್ಲಿ ಮತ್ತೆಮತ್ತೆ ಕೇಳಿದ್ದೇನೆ. ಇಲ್ಲಿನ ಅತಿನೇರಳೆ ಕಿರಣಗಳ ತೀವ್ರತೆಗೆ ಆ ನಂಬಿಕೆ ತಕ್ಕುದಲ್ಲ. ನನ್ನ ಮೊದಲ ಬೇಸಿಗೆಯಲ್ಲಿ, ಹನ್ನೊಂದೂವರೆಗೆ ಕೊನೆಯ ಸದ್ದೊಂದನ್ನು ಬಿಡಲಾರದೆ ಅಗೆಯುತ್ತಿದ್ದಾಗ ಕಣ್ಣು ಕತ್ತಲಿಟ್ಟು, ವಾಕರಿಕೆ ಬಂದು, ನಾನೂರು ಮೀಟರ್ ದೂರದ ಕಾರನ್ನು ತಲುಪಲು ನನಗೆ ಅರ್ಧ ಗಂಟೆ ಹಿಡಿಯಿತು. ಹತ್ತು ಗಂಟೆಯ ಕಟ್ಟುಪಾಡನ್ನು ಅಂದು ಮಾಡಿಕೊಂಡೆ. ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಕಂಡರೆ ನೆರಳಿಗೆ ಬಂದು ಬಟ್ಟೆ ಸಡಿಲಿಸಿ ಮೈಗೆ ನೀರು ಹಾಕಿಕೊಳ್ಳಬೇಕು. ಮಾತು ತೊದಲಿದರೆ, ಅಸಂಬದ್ಧವಾದರೆ ಅದು ಬಿಸಿಲಾಘಾತ. ಆಗ ತುರ್ತುಸೇವೆಯ 000ಗೆ ಕರೆಮಾಡಿ, ನೆರವು ಬರುವವರೆಗೆ ನೀರಿನಿಂದ ಮೈ ತಣಿಸುತ್ತಲೇ ಇರಬೇಕು. ಹಲವೆಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ.

ಬೇಸಿಗೆ ಹಾವುಗಳ ಕಾಲವೂ ಹೌದು. ಈಸ್ಟರ್ನ್ ಬ್ರೌನ್ ಮತ್ತು ಟೈಗರ್ ಹಾವುಗಳು ಇಲ್ಲಿ ಸಾಮಾನ್ಯ, ಎರಡೂ ಮಾರಕ. ಎತ್ತರದ ಹುಲ್ಲಿಗೂ ಬಿದ್ದ ಮರದ ದಿಮ್ಮಿಗಳ ಸಂದಿಗೂ ಕೈ ಹಾಕಬೇಡಿ, ಕಣಕಾಲಿಗೆ ದಪ್ಪ ಗೇಟರ್ (ಕಾಲಿನ ಕವಚ) ಕಟ್ಟಿಕೊಳ್ಳಿ, ಹೆಡ್‌ಫೋನನ್ನು ಒಂದು ಕಿವಿಗಷ್ಟೇ ಹಾಕಿಕೊಳ್ಳಿ. ಕಚ್ಚಿದರೆ ಗಾಯ ತೊಳೆಯದೆ, ಕಚ್ಚಿದ ಜಾಗದಿಂದ ಆರಂಭಿಸಿ ಇಡೀ ಕೈಗೋ ಕಾಲಿಗೋ ಅಗಲವಾದ ಎಳೆಯುವ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿ, ಕೋಲು ಕಟ್ಟಿ, ಕದಲದಂತೆ ಮಲಗಿಸಿ 000ಗೆ ಕರೆಮಾಡಬೇಕು. ಇದು ಆಸ್ಟ್ರೇಲಿಯಾದ ಹಾವುಗಳಿಗಾಗಿ ಇರುವ ಕ್ರಮ. ಕೊಳಕುಮಂಡಲ ಕಚ್ಚಿದಾಗ ಊರಿನಲ್ಲಿ ಹೀಗೆ ಬಿಗಿದು ಸುತ್ತುವುದು ಕಚ್ಚಿದ ಭಾಗಕ್ಕೆ ಹೆಚ್ಚಿನ ಹಾನಿ ತರಬಹುದು.

ಊರಿನ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ರಜೆಗೆ ಕರ್ನಾಟಕಕ್ಕೆ ಹೋಗುವಾಗ ಡಿಟೆಕ್ಟರನ್ನು ಜೊತೆಗೆ ಒಯ್ಯುವ ಆಸೆ ಬೇಡ. ಕೋಟೆ, ಹಾಳು ದೇಗುಲಗಳ ಸುತ್ತ ನಿಧಿಗಳ್ಳರು ಮಾಡಿರುವ ಹಾನಿ ಎಲ್ಲರಿಗೂ ಗೊತ್ತಿರುವುದೇ. ರಕ್ಷಿತ ಸ್ಮಾರಕಗಳ ಬಳಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ, ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸದೆ ಇಟ್ಟುಕೊಳ್ಳುವುದೂ ಅಪರಾಧ. ಅಲ್ಲಿ ಇದು ಹವ್ಯಾಸವಲ್ಲ.

ಮನೆಗೆ ಬಂದ ಮೇಲೆ, ಸಿಕ್ಕ ತುಣುಕಿಗೆ ಬೆಣಚುಕಲ್ಲು ಅಂಟಿಕೊಂಡಿದ್ದರೆ ಅದನ್ನು ಒಡೆದು ತೆಗೆಯಬೇಡಿ. ಕಲ್ಲಿನೊಡನಿರುವ ಚಿನ್ನಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದುಂಟು. ಬ್ಯಾಟರಿ ತಣ್ಣಗಾದ ಮೇಲಷ್ಟೇ ಚಾರ್ಜಿಗೆ ಹಾಕಿ. ಸಿಕ್ಕ ಜಾಗ, ಆಳ, ಮಣ್ಣಿನ ಬಣ್ಣ, ಅಗೆಯಲಾಗದಷ್ಟು ಗಟ್ಟಿ ನೆಲದಲ್ಲಿ ಬಿಟ್ಟುಬಂದ ಸದ್ದು, ಇವನ್ನೆಲ್ಲ ಅಂದೇ ಪುಸ್ತಕದಲ್ಲಿ ಬರೆದಿಡಿ. ಮೇ ತಿಂಗಳಲ್ಲಿ ಮೊದಲ ಮಳೆಗೆ ಆ ಜೇಡಿ ಮೆತ್ತಗಾದಾಗ ಮೊದಲು ಹೋಗಬೇಕಾದ ಜಾಗಗಳ ಪಟ್ಟಿ ಅದೇ ಆಗಿರುತ್ತದೆ.