ರೈಲು ಬಿಟ್ಟುಹೋದ ದಾರಿಯಲ್ಲಿ ಸೈಕಲ್

ಆಲ್ಪ್ಸ್‌ನಲ್ಲಿ ಸೈಕಲ್ ಅಂದ ತಕ್ಷಣ ಎಲ್ಲರ ಕಣ್ಣಿಗೂ ಬರುವುದು ಹಾವಿನ ಹಾಗೆ ಸುತ್ತಿಕೊಂಡ ಘಾಟಿ ರಸ್ತೆ. ಮ್ಯೂನಿಕ್‌ಗೆ ಬಂದ ಮೊದಲ ಬೇಸಿಗೆಯಲ್ಲಿ ನಾನೂ ಅಂಥದ್ದೇ ಒಂದನ್ನು ಹತ್ತಿದ್ದೆ. ಹತ್ತಿದ್ದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಮೋಟರ್‌ಸೈಕಲ್‌ಗಳ ಕಾಟ. ಗುಂಪುಗುಂಪಾಗಿ ಮೊಣಕೈ ಪಕ್ಕದಲ್ಲೇ ಭರ್ರನೆ ಹೋಗುತ್ತವೆ. ಎದೆ ಧಸಕ್ಕೆನ್ನುತ್ತದೆ. ಇಳಿಯುವಾಗಲೇ ತೀರ್ಮಾನ ಮಾಡಿದೆ, ಇನ್ನು ಡಾಂಬರು ಸಾಕು, ಜಲ್ಲಿ ದಾರಿಯೇ ಸರಿ.

ಆದರೆ ಜಲ್ಲಿ ದಾರಿ ಹುಡುಕುವುದೂ ಸುಲಭವಲ್ಲ. ಮ್ಯಾಪಿನಲ್ಲಿ ಕಾಡೊಳಗೆ ಬಿಳಿ ಗೆರೆ ಕಂಡರೆ ನುಗ್ಗಿಬಿಡೋಣ ಅನ್ನಿಸುತ್ತದೆ. ಆಸ್ಟ್ರಿಯಾದಲ್ಲಿ ಹಾಗೆ ಮಾಡುವಂತಿಲ್ಲ. ಅಲ್ಲಿಯ 1975ರ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಲ್ಲಿ ಯಾರು ಬೇಕಾದರೂ ನಡೆಯಬಹುದು. ಸೈಕಲ್ ಓಡಿಸಲು ಮಾತ್ರ ಮಾಲೀಕರ ಒಪ್ಪಿಗೆ ಬೇಕು. ಸೈಕಲ್ ಗುರುತಿನ ಬೋರ್ಡ್ ಇದ್ದರೆ ಹೋಗಬಹುದು, ಇಲ್ಲದಿದ್ದರೆ ವಾಪಸ್. ನಾನು ಎರಡು ಸಲ ಹಾಗೆ ವಾಪಸ್ ಬಂದವಳು. ಆಮೇಲೆ ಹುಡುಕುವ ರೀತಿಯನ್ನೇ ಬದಲಾಯಿಸಿದೆ. ಕಣಿವೆ ಸಿಕ್ಕಿದ ಕೂಡಲೇ ಮೊದಲು ನೋಡುವುದು, ಇಲ್ಲಿ ಹಿಂದೆ ಯಾವುದಾದರೂ ರೈಲು ಓಡುತ್ತಿತ್ತಾ?

ಹಾಗೆ ಸಿಕ್ಕಿದ್ದು ಇಟಲಿಯ ಉತ್ತರ ತುದಿಯ ಲಾಂದ್ರೊ ಕಣಿವೆ. ದೊಬ್ಬಿಯಾಕೊ ಎಂಬ ಊರಿನಿಂದ ಕೊರ್ಟಿನಾಗೆ ಡೊಲೊಮೈಟ್ ಬೆಟ್ಟಗಳ ಸಂದಿಯಲ್ಲಿ ಸುಮಾರು 30 ಕಿಲೋಮೀಟರ್ ದಾರಿ. ಮೊದಲನೇ ಮಹಾಯುದ್ಧ ಮುಗಿಯುವವರೆಗೂ ದೊಬ್ಬಿಯಾಕೊ ಆಸ್ಟ್ರಿಯಾದ ಕೈಯಲ್ಲಿತ್ತು. ಅದಕ್ಕೇ ಅದಕ್ಕೆ ಟೋಬ್ಲಾಖ್ ಅಂತ ಜರ್ಮನ್ ಹೆಸರೂ ಇದೆ, ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿ. ಯುದ್ಧದಲ್ಲಿ ಆಸ್ಟ್ರಿಯಾ, ಇಟಲಿ ಎರಡೂ ಸೈನ್ಯಗಳು ಸಾಮಾನು ಸಾಗಿಸಲು ತಮ್ಮ ತಮ್ಮ ಕಡೆಯಿಂದ ಹಳಿ ಹಾಕಿಕೊಂಡು ಬಂದವು. ಯುದ್ಧ ಮುಗಿದ ಮೇಲೆ ಎರಡನ್ನೂ ಕೂಡಿಸಿ 1921ರಲ್ಲಿ ಜನರಿಗೆ ರೈಲು ಬಿಟ್ಟರು. ಬಸ್ಸು, ಕಾರು ಜಾಸ್ತಿಯಾದಂತೆ ರೈಲಿಗೆ ಜನ ಕಡಿಮೆಯಾದರು. 1964ರ ಹೊತ್ತಿಗೆ ಪೂರ್ತಿ ನಿಂತೇಹೋಯಿತು. ಹಳಿ ಕಿತ್ತರು, ದಾರಿ ಉಳಿಯಿತು. ಚಳಿಗಾಲದಲ್ಲಿ ಅದು ಸ್ಕೀ ದಾರಿ, ಹಿಮ ಕರಗಿದ ಮೇಲೆ ನಮ್ಮದು.

ರೈಲಿನ ದಾರಿಯೇ ಯಾಕೆ ಅಂದರೆ ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯನ್ನೇ ನೋಡಿ. ಅಷ್ಟು ಕಷ್ಟದ ಮಾರ್ಗ ಅಂತಾರೆ, ಆದರೂ ಏರು 50 ಮೀಟರಿಗೆ 1 ಮೀಟರ್. ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ದೊಬ್ಬಿಯಾಕೊ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ನಡುವಿನ ಚಿಮಾಬಾಂಕೆ ಘಾಟಿಯ ನೆತ್ತಿ 1,530. ಹದಿನೈದು ಕಿಲೋಮೀಟರಿನಲ್ಲಿ ಮುನ್ನೂರು ಚಿಲ್ಲರೆ ಮೀಟರ್ ಹತ್ತಬೇಕು. ಕಾಲಿಗೆ ಗೊತ್ತೇ ಆಗುವುದಿಲ್ಲ.

ಹೋದದ್ದು ಸೆಪ್ಟೆಂಬರ್ ಮಧ್ಯದಲ್ಲಿ, ಜೊತೆಗೆ ನನ್ನ ಚಿಕ್ಕಮ್ಮನ ಮಗ. ಮ್ಯೂನಿಕ್‌ನಿಂದ ಬ್ರೆನ್ನರ್ ಘಾಟಿ ದಾಟುವ ರೈಲಿನಲ್ಲಿ ಸೈಕಲ್‌ಗೂ ಮುಂಚೆಯೇ ಜಾಗ ಕಾಯ್ದಿರಿಸಿದ್ದೆವು. ಫೋರ್ತೆತ್ಸಾದಲ್ಲಿ ಇಳಿದು ಸಣ್ಣ ರೈಲು ಹಿಡಿದರೆ ದೊಬ್ಬಿಯಾಕೊ.

ಹೊರಟು ಎರಡು ಕಿಲೋಮೀಟರ್ ಆಗಿರಲಿಲ್ಲ, ಹಿಂದಿನಿಂದ ಕೂಗಿದ.

"ಅಕ್ಕಾ, ಇದೇನು ಜಟಕಾಗಾಡಿ ಥರ ಆಡ್ತಾ ಇದೆ?"

ನನ್ನ ಕೈಯೂ ಜುಮ್ಮೆನ್ನುತ್ತಿತ್ತು. ತಪ್ಪು ನನ್ನದೇ. ಊರಿನ ಸೈಕಲ್ ಶಾಪಿನಲ್ಲಿ ಟೈರನ್ನು ಹೆಬ್ಬೆರಳಲ್ಲಿ ಒತ್ತಿ, ಕಲ್ಲಿನ ಹಾಗಿದ್ದರೆ "ಆಯ್ತು" ಅನ್ನುತ್ತಿದ್ದರಲ್ಲ, ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ನಲವತ್ತು ಮಿಲಿಮೀಟರ್ ಅಗಲದ ಟೈರಿಗೆ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಸಿಟ್ಟಿದ್ದೆ, ಇಬ್ಬರ ಸೈಕಲ್‌ಗೂ. ದೊಬ್ಬಿಯಾಕೊ ಕೆರೆಯ ಹತ್ತಿರ ಇಳಿದು ವಾಲ್ವ್ ಒತ್ತಿದೆ. ಉಸ್ಸ್. ಸ್ವಲ್ಪ ಬಿಡುವುದು, ಸೀಟಿನ ಮೇಲೆ ಕೂತು ನೋಡುವುದು, ಮತ್ತೆ ಸ್ವಲ್ಪ ಬಿಡುವುದು. ಕೂತಾಗ ಟೈರಿನ ಹೊಟ್ಟೆ ಚೂರು ಉಬ್ಬಬೇಕು, ಆದರೆ ರಿಮ್ಮಿಗೆ ಕಲ್ಲು ತಾಗಬಾರದು. ನನ್ನ ತೂಕ 74 ಕಿಲೋ, ಹಿಂದಿನ ಟೈರು 34ಕ್ಕೆ ನಿಂತಿತು, ಮುಂದಿನದು 31ಕ್ಕೆ. ಅಲ್ಲಿಂದ ಮುಂದೆ ದಾರಿಯೇ ಬೇರೆ ಅನ್ನಿಸಿತು. ಕಟಕಟ ಸದ್ದು ಹೋಗಿ ಅಕ್ಕಿ ಕೇರುವ ಹಾಗೆ ಚರಚರ ಅಂತ ಒಂದೇ ಸದ್ದು. ಜಲ್ಲಿಯೂ ಬಿಳಿ, ಬೆಟ್ಟವೂ ಬಿಳಿ. ಎರಡೂ ಒಂದೇ ಕಲ್ಲು ತಾನೇ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ದಾರಿಯಲ್ಲಿ ಕಾರಿಲ್ಲ, ಆದರೆ ಕಾರಿನ ಸದ್ದಿದೆ. ಅದೇ ಕಣಿವೆಯಲ್ಲಿ ಹೆದ್ದಾರಿಯೂ ಹೋಗುತ್ತದೆ. ಕೆಲವು ಕಡೆ ಮರಗಳ ಆಚೆಗೇ. ಪೂರ್ತಿ ನಿಶ್ಶಬ್ದ ಬೇಕು ಅನ್ನುವವರಿಗೆ ನಿರಾಸೆಯಾಗಬಹುದು. ನನಗೆ ಬೇಕಿದ್ದದ್ದು ಮೊಣಕೈ ಪಕ್ಕ ಏನೂ ಬರದಿರುವುದು, ಅದು ಸಿಕ್ಕಿತು. ದೊಬ್ಬಿಯಾಕೊದಿಂದಲೇ ಪೂರ್ವಕ್ಕೆ ದ್ರಾವಾ ನದಿಯ ಗುಂಟ ಆಸ್ಟ್ರಿಯಾದ ಲಿಯೆಂಟ್ಸ್‌ವರೆಗೆ ಇನ್ನೊಂದು ಸೈಕಲ್ ದಾರಿ ಇದೆ, ಬಹಳ ಹೆಸರುವಾಸಿ. ಅದು ಬರೀ ಇಳಿಜಾರು, ಬಹುಪಾಲು ಡಾಂಬರು. ಮಕ್ಕಳುಮರಿ ಕಟ್ಟಿಕೊಂಡು ಜಾತ್ರೆಯ ಹಾಗೆ ಜನ ಹೋಗುತ್ತಾರೆ. ಕಾರಿಲ್ಲ ನಿಜ, ಗಂಟೆ ಬಾರಿಸಿ ಬಾರಿಸಿ ಸಾಕಾಗುತ್ತದೆ.

ಕಣಿವೆಯೊಳಗಿನ ಲಾಂದ್ರೊ ಊರಿನ ಬಳಿ ಎಡಕ್ಕೆ ಬೆಟ್ಟ ಸೀಳಿದ ಹಾಗೆ ಒಂದು ಸಂದು. ಅದರೊಳಗೆ ತ್ರೆ ಚಿಮೆ, ಮೂರು ಕಲ್ಲುಗಂಬ. ದೊಡ್ಡದು 2,999 ಮೀಟರ್. ಒಂದೇ ಒಂದು ಮೀಟರಿಗೆ ಮೂರು ಸಾವಿರ ತಪ್ಪಿಹೋಯಿತಲ್ಲ ಅಂತ ನಮಗೇ ಹೊಟ್ಟೆ ಉರಿಯಿತು. ಎರಡು ನಿಮಿಷ ಮುಂದೆ ಹೋದರೆ ಅದು ಕಾಣುವುದಿಲ್ಲ, ಹಾಗಾಗಿ ನಿಲ್ಲಿ. ಆಮೇಲೆ ಬರುವ ಕೆರೆಯ ಜರ್ಮನ್ ಹೆಸರಿನ ಅರ್ಥ ಒಣಕೆರೆ. ಹೆಸರಿಗೆ ತಕ್ಕ ಹಾಗೆ ನೀರು ಇಳಿದು ಅಂಚಿನಲ್ಲಿ ಜಲ್ಲಿ ಎದ್ದಿತ್ತು.

ಚಿಮಾಬಾಂಕೆ ದಾಟಿದರೆ ಜಿಲ್ಲೆ ಬದಲು, ಇಳಿಜಾರು ಶುರು. ಸುರಂಗಗಳೂ ಇಲ್ಲೇ. ಬಿಸಿಲಿನಿಂದ ಒಳಗೆ ನುಗ್ಗಿದರೆ ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ ಚಳಿ, ಕಣ್ಣು ಹೊಂದಿಕೊಳ್ಳುವವರೆಗೆ ಏನೂ ಕಾಣುವುದಿಲ್ಲ. ಕಪ್ಪು ಕನ್ನಡಕ ತೆಗೆದು, ಲೈಟು ಹಾಕಿಕೊಂಡೇ ಹೋಗಿ. ಫೆಲಿತ್ಸೋನ್ ಕೊರಕಲಿನ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದ ತಮ್ಮ ತಕ್ಷಣ ಹಿಂದೆ ಸರಿದ. ನಾನು ನೋಡಲೂ ಹೋಗಲಿಲ್ಲ. ಕೊರ್ಟಿನಾದಲ್ಲಿ ಹಳೇ ರೈಲು ಸ್ಟೇಷನ್ ಈಗ ಬಸ್ ನಿಲ್ದಾಣ. 1956ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು, ಕಾಫಿ ಬಿಟ್ಟು ಉಳಿದದ್ದೆಲ್ಲ ದುಬಾರಿ. ಬ್ಯಾಗಿನಲ್ಲಿದ್ದ ಚಪಾತಿ ಚಟ್ನಿಪುಡಿ ಬೆಂಚಿನ ಮೇಲೆ ತಿಂದು ಅದೇ ದಾರಿಯಲ್ಲಿ ವಾಪಸ್ ಹೊರಟೆವು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮರುದಿನ ಅದೇ ದಾರಿಯಲ್ಲಿ ಸಿಗುವ ಕಾರ್ಬೊನಿನ್‌ನಿಂದ ಪ್ರಾತೊ ಪಿಯಾತ್ಸಾ ಹುಲ್ಲುಗಾವಲಿಗೆ ಹಳೇ ಮಿಲಿಟರಿ ರಸ್ತೆ ಹತ್ತಿದೆವು. ಅದೂ ಜಲ್ಲಿಯೇ, ಆದರೆ ಹಾಕಿದ್ದು ರೈಲಿಗಲ್ಲ. ಆರೇಳು ಕಿಲೋಮೀಟರಿನಲ್ಲಿ ಸುಮಾರು 550 ಮೀಟರ್ ಏರು. ಅತಿ ಸಣ್ಣ ಗೇರಿನಲ್ಲೂ ಹಿಂದಿನ ಚಕ್ರ ಜಾರುತ್ತಿತ್ತು. ಎದ್ದು ನಿಂತು ತುಳಿದರೆ ಇನ್ನೂ ಜಾಸ್ತಿ. ಕೂತೇ ತುಳಿಯಬೇಕು, ಮೂಗು ಹ್ಯಾಂಡಲ್ಲಿನ ಕಡೆಗೆ. ಎರಡು ಕಡೆ ಇಳಿದು ತಳ್ಳಿದೆವು, ಅದರಲ್ಲಿ ನಾಚಿಕೆ ಏನಿಲ್ಲ. ಮೇಲೆ ಆಸ್ಟ್ರಿಯಾದವರ ಪಾಳುಬಿದ್ದ ಕೋಟೆ, ಎದುರಿಗೆ ಕೆಂಪು ಬೆಟ್ಟ, ಮಜ್ಜಿಗೆಯ ಬದಲು ಸೇಬಿನ ರಸ.

ಇಳಿಯುವಾಗ ಹಿಂದಿನ ಟೈರು ಕುಯ್ದುಕೊಂಡಿತು. ಟ್ಯೂಬ್‌ಲೆಸ್ ಟೈರು, ಒಳಗಿನ ದ್ರವ ತಾನೇ ತೂತು ಮುಚ್ಚಬೇಕಿತ್ತು. ಒಂದು ವರ್ಷದಿಂದ ಅದನ್ನು ಹಾಕಿಸಿಯೇ ಇರಲಿಲ್ಲ, ಪೂರ್ತಿ ಒಣಗಿ ರಬ್ಬರಿನ ಪೊರೆಯಾಗಿತ್ತು. ಸರಿ, ಟ್ಯೂಬ್ ಹಾಕೋಣ ಅಂದರೆ ಮೊದಲು ರಿಮ್ಮಿನ ವಾಲ್ವ್ ತೆಗೆಯಬೇಕು, ಅದರ ನಟ್ಟು ಬಿಚ್ಚಲು ಬರುತ್ತಿಲ್ಲ. ಬಿಗಿ ಮಾಡಿದವಳೂ ನಾನೇ, ಇಕ್ಕಳದಲ್ಲಿ. ಮುಕ್ಕಾಲು ಗಂಟೆ ಕಾದ ಮೇಲೆ ಬಂದ ಒಬ್ಬ ಹಿರಿಯ ದಂಪತಿ ಬ್ಯಾಗಿನಿಂದ ಪುಟ್ಟ ಇಕ್ಕಳ ತೆಗೆದು, ಒಂದೇ ತಿರುವಿಗೆ ಬಿಚ್ಚಿಕೊಟ್ಟರು. ಆ ಅಜ್ಜಿ ಜರ್ಮನ್‌ನಲ್ಲಿ ಏನೋ ಅಂದು ನಕ್ಕರು. ತಮ್ಮನಿಗೆ ಅರ್ಥವಾಗಿತ್ತು, ನನಗೆ ಹೇಳಲಿಲ್ಲ.

ಈಗ ಆ ನಟ್ಟನ್ನು ಬರಿಗೈಯಲ್ಲೇ ತಿರುಗಿಸುತ್ತೇನೆ. ಆದರೂ ಸೀಟಿನ ಕೆಳಗಿನ ಬ್ಯಾಗಿನಲ್ಲಿ ಒಂದು ಇಕ್ಕಳ ಇದೆ.