ಲಾಬ್ರೂಸ್ಟ್‌ನ ಜೀವನವನ್ನು ಒಂದೇ ಶೀಟ್‌ನಲ್ಲಿ ಬಿಡಿಸುವುದು ಹೇಗೆ

ಹಿಸ್ಟರಿ ಸಬ್‌ಮಿಷನ್ ಹತ್ತಿರ ಬಂತೆಂದರೆ ಆರ್ಕಿಟೆಕ್ಚರ್ ಓದುವ ಮಕ್ಕಳು ಮಂಗಳೂರು ಕದ್ರಿಯ ನಮ್ಮ ಮನೆಗೆ ರೋಲ್ ಹಿಡಿದು ಬರುತ್ತಾರೆ. ಎಲ್ಲರ ಶೀಟೂ ಹುಟ್ಟಿದ ಇಸವಿಯಿಂದಲೇ ಶುರು. ನಿಮಗೆ ಫ್ರೆಂಚ್ ವಾಸ್ತುಶಿಲ್ಪಿ ಆನ್ರಿ ಲಾಬ್ರೂಸ್ಟ್ ಸಿಕ್ಕಿದ್ದರೆ ಹಾಗೆ ಮಾಡಬೇಡಿ. 1801ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ, 1875ರಲ್ಲಿ ತೀರಿಕೊಂಡ. ಇದಕ್ಕೆ ಮೂಲೆಯಲ್ಲೊಂದು ಸಾಲು ಸಾಕು.

ಮೊದಲು ಒಂದು ಕಂಬ ಬಿಡಿಸಿ. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅವನು ಕಟ್ಟಿಸಿದ ಓದುವ ಹಾಲ್ 1868ರಲ್ಲಿ ಮುಗಿಯಿತು. 9 ಗುಮ್ಮಟ, 16 ಎರಕದ ಕಬ್ಬಿಣದ ಕಂಬ. ಕಂಬದ ಎತ್ತರ ಸುಮಾರು 10 ಮೀಟರ್, ದಪ್ಪ ಬರೀ 30 ಸೆಂಟಿಮೀಟರ್. 1:50 ಸ್ಕೇಲ್‌ನಲ್ಲಿ 20 ಸೆಂಟಿಮೀಟರ್ ಉದ್ದ, 6 ಮಿಲಿಮೀಟರ್ ಅಗಲ. ಪಕ್ಕದಲ್ಲೇ ನಿಮ್ಮ ಅಜ್ಜಿಮನೆ ಜಗಲಿಯ ಮುರಕಲ್ಲಿನ ಕಂಬವನ್ನು ಟೇಪ್ ಹಿಡಿದು ಅಳೆದು, ಅದೇ ಸ್ಕೇಲ್‌ನಲ್ಲಿ ಬಿಡಿಸಿ. ಒಂದೂವರೆ ಅಡಿ ದಪ್ಪವಿದ್ದರೆ ಕಾಗದದ ಮೇಲೆ 9 ಮಿಲಿಮೀಟರ್. ಎಂಟಡಿ ಎತ್ತರವೋ, 5 ಸೆಂಟಿಮೀಟರ್ ಕೂಡ ದಾಟುವುದಿಲ್ಲ. ಕಬ್ಬಿಣದಿಂದ ಅವನಿಗೆ ಏನು ಸಿಕ್ಕಿತು ಅಂತ ಮತ್ತೆ ಪ್ಯಾರಾ ಬರೆಯುವುದೇ ಬೇಡ.

ಆಮೇಲೆ ಟೈಮ್‌ಲೈನ್. 1824ರಲ್ಲಿ ರೋಮ್ ಬಹುಮಾನ (ಗೆದ್ದವರನ್ನು ಸರ್ಕಾರವೇ ರೋಮ್‌ಗೆ ಓದಲು ಕಳಿಸುತ್ತಿತ್ತು) ಗೆದ್ದು ಇಟಲಿಗೆ ಹೋದ. ಪೇಸ್ಟಮ್‌ನ ಹಳೆಯ ಗ್ರೀಕ್ ದೇಗುಲಗಳನ್ನು ಅಳೆದು ಚಿತ್ರ ಬರೆದು ಪ್ಯಾರಿಸ್‌ನ ಕಲಾ ಅಕಾಡೆಮಿಗೆ ಕಳಿಸಿದ. ಆ ದೇಗುಲಗಳ ಬಗ್ಗೆ ಅವನು ಹೇಳಿದ್ದು ಅಕಾಡೆಮಿಯ ಹಿರಿಯರಿಗೆ ಹಿಡಿಸಲಿಲ್ಲ, ಗಲಾಟೆಯಾಯಿತು. 1830ರಲ್ಲಿ ಊರಿಗೆ ಬಂದು ಪಾಠ ಶುರು ಮಾಡಿದ. ಸ್ವಂತದ್ದು ಅಂತ ದೊಡ್ಡ ಕಟ್ಟಡ ಕೈಗೆ ಬಂದದ್ದು 1838ರಲ್ಲಿ, ಸೇಂಟ್ ಜೆನಿವೀವ್ ಲೈಬ್ರರಿ. ನಡುವಿನ ಈ ವರ್ಷಗಳ ಜಾಗ ಖಾಲಿ ಕಾಣುತ್ತದೆ ಅಂತ ಸುಮ್ನೆ ಫೋಟೊ ಅಂಟಿಸಬೇಡಿ. ಖಾಲಿಯೇ ಇರಲಿ. ಆ ಮನುಷ್ಯ ಕಾದದ್ದು ಕಾಣಬೇಕು, ಅಲ್ವಾ?

ಆ ಲೈಬ್ರರಿ ತೆರೆದದ್ದು 1851ರಲ್ಲಿ. ಗ್ಯಾಸ್ ದೀಪ ಇದ್ದುದರಿಂದ ಸಂಜೆಯೂ ಓದಬಹುದಿತ್ತು. ಹೊರಗೋಡೆಯ ಮೇಲೆ 810 ಲೇಖಕರ ಹೆಸರು ಕೆತ್ತಿದ್ದಾರೆ, ಮೋಸೆಸ್‌ನಿಂದ ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್‌ವರೆಗೆ. ಅದನ್ನೆಲ್ಲ ಬರೆಯಲು ಹೋಗಬೇಡಿ, ಕಣ್ಣು ಹೋದೀತು. ಸಣ್ಣ ಪೆನ್ಸಿಲ್ ಗೆರೆ ಎಳೆದು ಎರಡು ಹೆಸರು ಓದುವ ಹಾಗಿದ್ದರೆ ಸಾಕು.

ಮಳೆಗಾಲದಲ್ಲಾದರೆ ಇಂಕ್ ಮಾಡುವ ಮೊದಲು ಶೀಟನ್ನು ಬೋರ್ಡ್‌ಗೆ ನಾಲ್ಕೂ ಕಡೆ ಟೇಪ್ ಹಾಕಿ ಬಿಗಿಯಿರಿ. ನಮ್ಮೂರಿನ ತೇವಕ್ಕೆ ಕಾಗದ ಉಬ್ಬಿದರೆ ಆ 6 ಮಿಲಿಮೀಟರ್ ಕಂಬ ನೇರ ನಿಲ್ಲುವುದಿಲ್ಲ.