ಅಡಿಕೆ ಸಿಪ್ಪೆಯಿಂದ ಬಯೋಚಾರ್: ತೋಟದಲ್ಲೇ ಮಾಡುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸುಗ್ಗಿ ಮುಗಿದರೆ ರಸ್ತೆಬದಿಯಲ್ಲೆಲ್ಲ ಸಿಪ್ಪೆ ರಾಶಿ. ಕೊಳೆತರೂ ಸುಟ್ಟರೂ ಮರ ಗಾಳಿಯಿಂದ ಹೀರಿದ್ದ ಇಂಗಾಲ ಮತ್ತೆ ಗಾಳಿಗೇ. ಇದ್ದಿಲು ಮಾಡಿ ಮಣ್ಣಿಗೆ ಸೇರಿಸಿದರೆ (ಇಂಥ ಇದ್ದಿಲೇ ಬಯೋಚಾರ್) ಅದರ ದೊಡ್ಡ ಪಾಲು ನೂರಾರು ವರ್ಷ ಅಲ್ಲೇ ಉಳಿಯುತ್ತದೆ. 100 ಕೆಜಿ ಒಣ ಸಿಪ್ಪೆಗೆ ಸುಮಾರು 20 ಕೆಜಿ ಇದ್ದಿಲು. ಅದರಲ್ಲಿ 14 ಕೆಜಿ ಇಂಗಾಲ ಎಂದು ಹಿಡಿದರೆ ಹತ್ತಿರಹತ್ತಿರ 50 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗದೆ ಉಳಿದ ಲೆಕ್ಕ.

ಕೆಂಪಡಿಕೆಗೆ ಹಸಿಯಾಗಿ ಸುಲಿದ ಸಿಪ್ಪೆಯನ್ನು ತೆಳ್ಳಗೆ ಹರವಿ, ಹಿಚುಕಿದರೆ ನಾರು ಗರಗರ ಎನ್ನುವಷ್ಟು ಒಣಗಿಸಿ. ಚಾಲಿ, ಅಂದರೆ ಹಣ್ಣಡಿಕೆಯನ್ನು ಒಣಗಿಸಿ ಸುಲಿದದ್ದರ ಸಿಪ್ಪೆಗೆ ಈ ತಾಪತ್ರಯ ಕಡಿಮೆ. ಸಿಪ್ಪೆಯೊಂದನ್ನೇ ಹಾಕಿದರೆ ಒತ್ತಾಗಿ ಕೂತು ಹೊಗೆಯಾಡುತ್ತದೆ. ಅರ್ಧದಷ್ಟು ಹೆಬ್ಬೆರಳು ಗಾತ್ರದ ಅಕೇಶಿಯಾ ಕಡ್ಡಿ ಬೆರೆಸಿ.

ಬಾಯಿ 5 ಅಡಿ, ಆಳ 2.5 ಅಡಿ, ತಳಕ್ಕೆ ಬರುತ್ತ ಕಿರಿದಾಗುವ ಗುಂಡಿ ತೋಡಿ. ಸುತ್ತ 10 ಅಡಿ ದರಗು (ಒಣ ಎಲೆ) ಗುಡಿಸಿ. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದ ಅಂಚಿನಲ್ಲಂತೂ ಬೇಡವೇ ಬೇಡ. ಎರಡು ಡ್ರಮ್ ನೀರು ತುಂಬಿಟ್ಟ ಮೇಲೆಯೇ ಬೆಂಕಿಕಡ್ಡಿ ಗೀರಿ.

ತಳದಲ್ಲಿ ಕಡ್ಡಿ ಪೇರಿಸಿ, ಬೆಂಕಿಯನ್ನು ಮೇಲಿನಿಂದ ಹಚ್ಚಬೇಕು. ಮೇಲಿನ ಜ್ವಾಲೆ ಹೊಗೆಯನ್ನೂ ಸುಡುತ್ತದೆ, ಆಮ್ಲಜನಕವನ್ನೂ ತಿಂದುಹಾಕುತ್ತದೆ. ಹಾಗಾಗಿ ಅಡಿಯ ಕೆಂಡ ಬೂದಿಯಾಗದೆ ಉಳಿಯುತ್ತದೆ. ಮೇಲ್ಪದರದ ಅಂಚಿನಲ್ಲಿ ಬಿಳಿ ಬೂದಿ ಕಂಡ ಕೂಡಲೇ ಮುಂದಿನ ಪದರ ಹರಡಿ. ತಡಮಾಡಿದರೆ ಬೂದಿ, ಅವಸರ ಮಾಡಿದರೆ ಜ್ವಾಲೆ ಆರಿ ದಟ್ಟ ಬಿಳಿ ಹೊಗೆ. ಹೊಗೆ ಬಂತೆಂದರೆ ಕೈ ನಿಲ್ಲಿಸಿ, ಉರಿ ಏಳುವವರೆಗೆ ಕಾಯಿರಿ. ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಹೆಚ್ಚು ಬಿಸಿ ಹಿಡಿಯುವ ಮೀಥೇನ್ ಅನಿಲ ಹೋಗುತ್ತದೆ, ಉಳಿಸಿದ್ದರ ಲಾಭವನ್ನೇ ಅದು ತಿನ್ನುತ್ತದೆ.

ಗುಂಡಿ ತುಂಬಿ ಜ್ವಾಲೆ ತಗ್ಗಿದಾಗ ನೀರು ಸುರಿದು ಹಾರೆಯಿಂದ ತಳದವರೆಗೆ ಕೆದಕಿ, ಮತ್ತೆ ಸುರಿಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಮೇಲೆ ತಣ್ಣಗಾಯಿತೆಂದು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅಡಿಯದೆಲ್ಲ ಬೂದಿ. ಬಿಸಿ ಹಬೆ ಮುಖಕ್ಕೆ ರಾಚುತ್ತದೆ, ಗಾಳಿಗೆ ಬೆನ್ನು ಹಾಕಿ ನಿಲ್ಲಿ. ಚೆನ್ನಾಗಿ ಬೆಂದ ಇದ್ದಿಲು ಹಗುರ, ಬೆರಳಿಗೆ ಹತ್ತಿದ ಮಸಿ ಬರೀ ನೀರಿಗೆ ಹೋಗುತ್ತದೆ. ಜಿಡ್ಡು ಅಂಟಿದರೆ ಬೆಂದಿಲ್ಲ. ಮುಂದಿನ ಗುಂಡಿಗೆ ಹಾಕಿ.

ಗೊಬ್ಬರ ಬೆರೆಸದ ಇದ್ದಿಲನ್ನು ನೇರ ಬುಡಕ್ಕೆ ಹಾಕಬೇಡಿ. ಅದು ಸಾರಜನಕ ಹಿಡಿದಿಟ್ಟುಕೊಂಡು ಗಿಡ ಹಳದಿಯಾಗಬಹುದು. ಪುಡಿಮಾಡಿ, ಗಂಜಲದಲ್ಲಿ ನೆನೆಸಿ, ಒಂದು ಬುಟ್ಟಿಗೆ ನಾಲ್ಕೈದು ಬುಟ್ಟಿ ಕೊಟ್ಟಿಗೆ ಗೊಬ್ಬರದಂತೆ ಬೆರೆಸಿ ಒಂದು ತಿಂಗಳು ಬಿಡಿ. ನಮ್ಮ ಹುಳಿ ಮಣ್ಣಿಗೆ ಇದರ ಕ್ಷಾರಗುಣ ಒಳ್ಳೆಯದೇ. ಆದರೆ ಸುಣ್ಣ ಹಾಕುವ ವರ್ಷ ಮಣ್ಣು ಪರೀಕ್ಷೆ ನೋಡಿಕೊಂಡು ಸುಣ್ಣ ಕಡಿಮೆ ಮಾಡಿ.

ಸೋಗೆಯನ್ನೂ (ಅಡಿಕೆ ಗರಿ) ಗುಂಡಿಗೆ ಹಾಕುವ ಆಸೆ ಬೇಡ, ತೋಟಕ್ಕೆ ಅದೇ ಹೊದಿಕೆ.